ಗೋಡೆಯ ಯಾವ ಬದಿಗೆ

ಬಾಂಬೋಳಿಯ ಡಾಕ್ಟರು ಅಂಗಿ ಎತ್ತಿಸಿ
ಹೊಕ್ಕುಳ ಸುತ್ತಲಿನ ಮೂರು ಚುಕ್ಕಿ ನೋಡಿದರು.
ಹರ್ನಿಯಾಕ್ಕೆ ಹಾಕಿದ ಮೆಶ್
ಗೋಡೆಯ ಹೊರಗೋ ಒಳಗೋ, ಅಂದರು.
ಮೆಶ್ ಅಂದರೆ ಬಲೆ ಅಂತ ನಾನು ತಿಳಿದೆ.
ಇಬ್ಬರೂ ತಪ್ಪಿರಲಿಲ್ಲ.

ನನಗೇನು ಗೊತ್ತು, ಅಂದು ನಿದ್ದೆಯಲ್ಲಿದ್ದೆ.
ಬೈತಖೋಲದ ಧಕ್ಕೆಯಲ್ಲಿ ಐಸಿನ ಪೆಟ್ಟಿಗೆ ಎತ್ತುವಾಗ
ತೊಡೆಸಂದಿಯಿಂದ ಏನೋ ಇಣುಕಿತ್ತು.
ಕೆಮ್ಮಿದರೆ ಬರುವುದು, ಮಲಗಿದರೆ ಹೋಗುವುದು,
ಸಾಲಗಾರನಿಗಿಂತ ಮರ್ಯಾದಸ್ಥ.
ಹುಬ್ಬಳ್ಳಿಯಲ್ಲಿ ಮುಚ್ಚಿಸಿಕೊಂಡು ಬಂದೆ,
ಹದಿನೈದನೇ ದಿನಕ್ಕೆ ಮತ್ತೆ ಬಲೆ ಹೆಣೆಯಲು ಕೂತೆ.

ಈಗ ಅದರ ಹಿಂದೆಯೇ,
ಮುರುಗಲ ಹಣ್ಣಿನಷ್ಟು ಗಾತ್ರದ ಪ್ರೋಸ್ಟೇಟಿನಲ್ಲಿ, ಹುಳ.

ರಕ್ತದ ರಿಪೋರ್ಟಿನ ಬೆನ್ನಿಗೆ ಚಿತ್ರ ಬಿಡಿಸಿದರು ಡಾಕ್ಟರು.
ರೋಬೋಟಿನ ಕೈ ಮೇಲಿನಿಂದ ಇಳಿಯಬಹುದು,
ಅಂಟಿದ್ದನ್ನು ಬಿಡಿಸುತ್ತ ಬಿಡಿಸುತ್ತ;
ಅರ್ಧ ದಾರಿಯಲ್ಲಿ ಹಿಂದಿರುಗಲೂ ಬೇಕಾದೀತು.
ಹೊಟ್ಟೆ ಕೊಯ್ದರೆ
ಕೈ ಹೋಗಬೇಕಾದ ಜಾಗದಲ್ಲೇ ಬಲೆ ಕೂತಿದೆ.
ಕಾಲುಗಳ ನಡುವಿನಿಂದ ಹೋಗುವುದು ಹಳೇ ದಾರಿ,
ಅಲ್ಲಿ ಬಲೆಯ ಕಾಟವಿಲ್ಲ, ಬಲ್ಲವರೂ ಹೆಚ್ಚಿಲ್ಲ,
ಪಕ್ಕದ ಗಂಟುಗಳು ಕೈಗೆ ಸಿಗುವುದಿಲ್ಲ.
ಕೊಯ್ಯುವುದೇ ಬೇಡವೆಂದರೆ ಕಿರಣ,
ವಾರಗಟ್ಟಲೆ ದಿನಾ ಬಂದು ಮಲಗಬೇಕು.
ಸುಮ್ಮನೆ ಕಾಯುವುದಕ್ಕೆ
ನಿಮ್ಮದು ಸ್ವಲ್ಪ ಚುರುಕು ಜಾತಿ, ಅಂದರು.

ಕೂರ್ಮಗಡದ ಆಚೆ ಬಂಡೆಗೆ ಸಿಕ್ಕ ಬಲೆಯನ್ನು
ಎಳೆದು ನೋಡಿ, ಬೈದು, ಕತ್ತರಿಸಿ ಬರುತ್ತೇವೆ.
ಎರಡು ಮಳೆಗಾಲ ಕಳೆದರೆ
ಅದು ನಮ್ಮ ಬಲೆಯಲ್ಲ, ಬಂಡೆಯದು.
ನನ್ನೊಳಗಿನದೂ ಹಾಗೆ: ಕಣ್ಣುಕಣ್ಣಿನಲ್ಲೂ ಮಾಂಸ ಬೆಳೆದಿದೆ.
ಬೆಳೆಯಲೆಂದೇ ಹಾಕಿದ್ದಂತೆ.
ಕೆಲಸ ಚೆನ್ನಾಗಿ ಮಾಡಿದ್ದೇ ಈಗ ಅದರ ತಪ್ಪು.

ಶೇವಂತಿ ಬಂಗುಡೆ ಸೋಸುತ್ತ ಎಲ್ಲ ಕೇಳಿದಳು.
ಹೊಟ್ಟೆ ಸೀಳಿದರೂ ಕರುಳು ಬರುತ್ತದೆ,
ಕಿವಿರಿನಿಂದ ಎಳೆದರೂ ಬರುತ್ತದೆ,
ಕೈ ಯಾರದ್ದು ಅಂತ ಹೇಳು, ಅಂದಳು.
ಆಮೇಲೆ, ಕತ್ತಿ ಕೆಳಗಿಟ್ಟು,
ಏನೇನು ಹೋಗುತ್ತದೆ?
ಉಚ್ಚೆ ಸೋರುತ್ತದಂತೆ ಕೆಲವು ತಿಂಗಳು, ಅಂದೆ.
ಮತ್ತೆ?
ಮತ್ತೆ ಅದೂ, ಅಂದೆ.
ಜೂನ್ ಜುಲೈ ಸಮುದ್ರಕ್ಕೇ ರಜೆ ಕೊಡುತ್ತದೆ ಸರ್ಕಾರ,
ಅಂತ ನಕ್ಕಳು. ಹಿತ್ತಲಿಗೆ ಹೋಗಿ
ತೊಳೆದ ತಾಟನ್ನೇ ತುಂಬಾ ಹೊತ್ತು ತೊಳೆದಳು.

ಕಾಗದ ಸಿಕ್ಕಿದ್ದು ಮೂರನೇ ದಿನ,
ದೋಣಿಯ ಲೈಸೆನ್ಸು, ಡೀಸೆಲ್ ಪುಸ್ತಕ ಇಟ್ಟ ಡಬ್ಬಿಯಲ್ಲಿ.
ಮೂಲೆಗೆ ಜಿರಲೆ ಹಲ್ಲು.
ತಮ್ಮನ ಮಗಳು ಶರ್ಮಿಳಾ ಓದಿ ಹೇಳಿದಳು:
ಎರಡೂ ಬದಿಗೆ. ಗೋಡೆಯ ಒಳಗೆ.
ಹದಿನೈದು ಹತ್ತು ಸೆಂಟಿಮೀಟರ್.
ನೆಲದ ಮೇಲೆ ಬೆರಳಿಂದ ಅಳೆದೆ.
ಇಷ್ಟು ಚಿಕ್ಕ ತೇಪೆಯನ್ನು
ನಾನು ಯಾವ ಬಲೆಗೂ ಹಾಕಿದವನಲ್ಲ.

ಕಾಳಿ ಸೇತುವೆ ದಾಟುವಾಗ ಬಸ್ಸಿನಲ್ಲಿ
ಕಾಗದ ಅಂಗಿಯೊಳಗಿತ್ತು, ಬೆವರಿಗೆ ಅಂಟಿತ್ತು.

ಡಾಕ್ಟರು ಎರಡು ಸಲ ಓದಿದರು.
ಕೆಳಗಿನ ದಾರಿಯೇ ವಾಸಿ ಅನಿಸುತ್ತದೆ,
ಆದರೆ ನಾನು ಹಾಗೆ ಮಾಡಿದ್ದು ಹನ್ನೊಂದೇ, ಅಂದರು,
ಬೇರೆಯವರನ್ನೂ ಕೇಳಿ, ಹೆಸರು ಬರೆದು ಕೊಡುತ್ತೇನೆ.

ಏನೂ ಹೆದರಬೇಡ ಅನ್ನುವ ತಾಂಡೇಲನ ದೋಣಿಯಲ್ಲಿ
ನಾನು ಎರಡು ಸಲ ಮುಳುಗಿದ್ದೇನೆ.
ಎಣಿಸಿ ಹೇಳುವವನ ಜೊತೆ ಹೋಗಿ
ಒದ್ದೆಯಾಗಿ ಬಂದಿದ್ದೇನೆ, ಬಂದಿದ್ದೇನೆ.

ಬೇರೆಯವರು ಬೇಡ, ಅಂದೆ.
ಒಂದು ಮಾತ್ರ ನಡೆಸಿಕೊಡಿ:
ಎಲ್ಲಿಂದ ಹೊಕ್ಕಿರಿ, ಏನು ತೆಗೆದಿರಿ, ಏನು ಬಿಟ್ಟಿರಿ
ದಪ್ಪ ಅಕ್ಷರದಲ್ಲಿ ಬರೆದಿಡಿ.
ಇನ್ನೊಂದು ಸಲ ಯಾರಾದರೂ ಇಲ್ಲಿ ಇಳಿಯುವುದಾದರೆ
ಅವರಿಗೆ ಬಂಡೆ ಎಲ್ಲಿದೆ ಗೊತ್ತಿರಲಿ.