ಮೂರನೇ ಸಲ

ಡಾಕ್ಟ್ರಿಗೆ ಮೊದಲ ಚೀಟಿ ಬರೆದದ್ದು
ಬಸ್ ಟಿಕೆಟ್ಟಿನ ಹಿಂಬದಿ:
ನೋವಿಲ್ಲ. ಜ್ವರ ಇಲ್ಲ. ಬೀಡಿ ಬಿಟ್ಟು ಆರು ವರ್ಷ.
ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ದನಿ ಹೋಯ್ತು.

ಹಾಸನದ ಮಾರುಕಟ್ಟೆಯಲ್ಲಿ ಹತ್ತೊಂಬತ್ತು ವರ್ಷ
ಆಲೂಗಡ್ಡೆ ಹರಾಜು ಕೂಗಿದ ಗಂಟಲು ಇದು.
ಮೂಟೆಯ ಬಾಯಿ ಬಿಚ್ಚಿ, ಒಂದು ಗಡ್ಡೆ ಉಗುರಲ್ಲಿ ಗೀರಿ,
ಸಿಪ್ಪೆ ಎದ್ದರೆ ಎಳಸು, ಏಳದಿದ್ದರೆ ಬಲಿತದ್ದು,
ಅಷ್ಟು ನೋಡಿ ಶುರು ಹಚ್ಚಿದರೆ
ಗೇಟಿನಾಚೆ ಟೀ ಅಂಗಡಿಯ ಬಷೀರಣ್ಣ
ಅಲ್ಲಿಂದಲೇ ರೇಟು ತಿಳಿದುಕೊಳ್ಳುತ್ತಿದ್ದ.

ಆ ಸೋಮವಾರ
ಒಂದನೇ ಸಲ ಅಂದೆ. ಎರಡನೇ ಸಲ ಅಂದೆ.
ಮೂರನೇದು ಬರಲಿಲ್ಲ.
ಬಾಯಿ ತೆರೆದೇ ಇತ್ತು. ಗಾಳಿ ಬಂತು, ಪಂಕ್ಚರಾದ ಟ್ಯೂಬಿನಂತೆ.
ಜನ ನಕ್ಕರು, ಆಮೇಲೆ ನಗಲಿಲ್ಲ.
ಮೂಟೆಗಳು ರೈತನ ಕೈಬಿಟ್ಟು ವರ್ತಕನ ಕೈ ಸೇರದೆ
ಸ್ವಲ್ಪ ಹೊತ್ತು ಯಾರದೂ ಆಗದೆ ನಿಂತವು.

ದೊಡ್ಡಾಸ್ಪತ್ರೆಯಲ್ಲಿ ಮೂಗಿನಿಂದ ಕ್ಯಾಮೆರಾ ಇಳಿಸಿ
ಟೀವಿಯಲ್ಲಿ ತೋರಿಸಿದರು:
ಎರಡು ಬಿಳಿ ಪಟ್ಟಿ, ಜೋಡಿ ಬಾಗಿಲಿನ ಹಾಗೆ.
ಗಂಟಿಲ್ಲ, ಹುಣ್ಣಿಲ್ಲ.
"ಕೆಮ್ಮಿ" ಅಂದರು. ಕೆಮ್ಮಿದೆ.
ಕೆಮ್ಮಿಗೆ ದನಿ ಇತ್ತು!
ಎಲ್ಲಿತ್ತು ಅದು, ಯಾರ ಮನೆಯಲ್ಲಿ ಅವಿತು ಕೂತಿತ್ತು?

ನಾಟಕ ಮಾಡ್ತಾ ಇದೀನಿ ಅಂತಲಾ?
ಎರಡನೇ ಚೀಟಿ. ಪೆನ್ನು ಒತ್ತಿ ಒತ್ತಿ ಹಾಳೆ ತೂತು ಬಿತ್ತು.
"ನಾಟಕವಾಗಿದ್ರೆ ಕೆಮ್ಮನ್ನೂ ಬಚ್ಚಿಡ್ತಿದ್ರಿ" ಅಂದಳು
ದನಿಯ ಪಾಠ ಹೇಳುವ ಹುಡುಗಿ ತಬಸ್ಸುಮ್.
"ಹೋದ ತಿಂಗಳು ಏನಾಯ್ತು?"

ಏನೂ ಆಗಲಿಲ್ಲ.
ಆಫೀಸಿಗೆ ಎರಡು ಕಂಪ್ಯೂಟರ್ ಬಂದವು, ಅಷ್ಟೆ.
ಇನ್ಮೇಲೆ ವರ್ತಕರು ಮೊಬೈಲಲ್ಲೇ ರೇಟು ಒತ್ತುತ್ತಾರೆ,
ಸದ್ದಿಲ್ಲದ ಹರಾಜು, ಅಂದರು ಸೆಕ್ರೆಟರಿ.
ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದೆ.
ಮನೆಗೆ ಬಂದು ಮುದ್ದೆ ಉಂಡೆ. ನಿದ್ದೆ ಮಾತ್ರ
ರಾತ್ರಿ ಎರಡಕ್ಕೇ ಎದ್ದು ಹೋಗುತ್ತಿತ್ತು,
ಹೊಟ್ಟೆಯೊಳಗೆ ಯಾರೋ ತಕ್ಕಡಿ ಎಳೆದಂತೆ.
ಬಿ.ಪಿ. ನೂರಾ ಎಪ್ಪತ್ತು.
ಅದೊಂದು ರೇಟು ಕೂಗದೆಯೂ ಏರುತ್ತಿತ್ತು.

ಇದನ್ನೆಲ್ಲ ಬರೆಯಲು ಚೀಟಿ ಸಾಲಲಿಲ್ಲ.
ಆ ಹುಡುಗಿ ನಲವತ್ತು ಪುಟದ ನೋಟ್‌ಬುಕ್ ಕೊಟ್ಟಳು.
ಬೇಡ ಅನ್ನಿಸಿಕೊಳ್ಳುವ ಮೊದಲೇ
ತಾನಾಗಿ ಎದ್ದು ಹೋದ ನೆಂಟ, ನನ್ನ ದನಿ.
ಹೀಗೆ ಬರೆದದ್ದು ನಾನೇನಾ ಅಂತ ಎರಡು ಸಲ ಓದಿಕೊಂಡೆ.

ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ
ಕೆಮ್ಮಬೇಕು. ಕೆಮ್ಮಿನ ಬಾಲ ಹಿಡಿದು ಹ್ಮ್ ಅನ್ನಬೇಕು.
ಆ ಹ್ಮ್ ಅನ್ನು ಎಳೆಯಬೇಕು, ಬಾವಿಯಿಂದ ಕೊಡ ಎಳೆದಂತೆ,
ಅರ್ಧಕ್ಕೇ ಚೆಲ್ಲಿಹೋದರೂ.
ವಾಕಿಂಗ್ ಬಂದವರು ದೂರ ಸರಿದರು.
ಬೆಂಚಿನ ಕೆಳಗಿನ ನಾಯಿ ಮಾತ್ರ ಕಿವಿ ನಿಮಿರಿಸಿ
ಎಲ್ಲವನ್ನೂ ಕೇಳಿತು. ಹನ್ನೆರಡು ದಿನ.

ಜಯಶೀಲ ಹೇಳುತ್ತಾಳೆ:
"ನಿದ್ದೆಯಲ್ಲಿ ಕೂಗ್ತೀರಿ. ಮೂರನೇ ಸಲ ಅಂತೀರಿ."
ನಂಬಲಿಲ್ಲ. ಫೋನಿನಲ್ಲಿ ಹಿಡಿದಿಟ್ಟು ಕೇಳಿಸಿದಳು.
ನನ್ನದೇ ಗಂಟಲು, ಗೇಟಿನಾಚೆಗೂ ಕೇಳುವಂಥದ್ದು,
ಕತ್ತಲಲ್ಲಿ ಏನನ್ನೋ ಯಾರಿಗೋ ಕೊಟ್ಟುಬಿಡುತ್ತಿದೆ.
"ಏನು ಮಾರಿದಿರಿ?" ಅಂದಳು.
ನೋಟ್‌ಬುಕ್ ತೆಗೆದೆ. ಪೆನ್ನು ಹುಡುಕಿದೆ. ಸಿಗಲಿಲ್ಲ.

"ಗೊತ್ತಿಲ್ಲ ಕಣೇ."

ಇಬ್ಬರೂ ಸುಮ್ಮನಾದೆವು.
ತೆಳ್ಳಗಿತ್ತು, ಸೀಳಿತ್ತು,
ಒಲೆಯಿಂದ ಹಿತ್ತಿಲ ಬಾಗಿಲಿಗೆ ತಲುಪುವುದೂ ಅನುಮಾನ.
"ಇನ್ನೊಂದು ಸಲ ಹೇಳಿ" ಅಂದಳು.
ನಾನು ಕೆಮ್ಮಿದೆ.