ಎರಡು ಕೇಜಿ ಗಾಳಿ

ಕಸಬಾ ಪೇಟಿಯ ಈ ವಾಡೇಕ ಲಿಫ್ಟಿಲ್ಲ.
ಮೂವತ್ತೆಂಟು ಕಟಗಿ ಮೆಟ್ಟಲ, ಹಗ್ಗ ಹಿಡದು ಏರಬೇಕು.
ಸಿಲಿಂಡರಿಗೆ ಕರೇ ಮೈ, ಬಿಳೇ ಹೆಗಲು.
ಹೆಗಲ ಮ್ಯಾಲ ಹೆಗಲ ಇಟಗೊಂಡು
ಮುಂಜಾನಿ ಒಂದು ಒಯ್ತೀನಿ, ಸಂಜಿಗೆ ಒಂದು.
ಇಳಿಯೂವಾಗ ಖಾಲಿದ್ದು.
ತುಂಬಿದ್ದಕ್ಕೂ ಖಾಲಿಗೂ ಎರಡು ಕೇಜಿ ಫರಕು,
ಉಳದದ್ದೆಲ್ಲಾ ಬರೇ ಕಬ್ಬಿಣ.

ಮ್ಯಾಲ ದಾಬಕೆ ಬಾಯಿ.
ಇಲ್ಲಿ ಸಾಲಿ ಕಲಿಸೂ ಹೆಣಮಗಳಿಗೆ ಬಾಯಿ ಅಂತಾರ;
ನಮ್ಮ ಇಂಡಿ ಕಡೆ ಬಾಯಿ ಅಂದ್ರ
ಗಾಳಿ ಒಳಗ ಹೋಗೂ ಬಾಗಲ.
ಹೇಳಿದೆ. ನಕ್ಕರು.
ನಗೂದ್ರಾಗ ಬೆರಳಿಗೆ ಕಚ್ಚಿದ ಮಿಷಿನ್ನು
ಎಂಬತ್ತಾರಕ್ಕ ಇಳೀತು.

ಮೊದಲನೇ ದಿನ ನನ್ನ ಬೆರಳಿಗೂ ಹಾಕಿದ್ರು.
ಏನೂ ತೋರಿಸಲಿಲ್ಲ, ಬರೇ ಎರಡು ಗೆರಿ.
"ಇದ್ದೀಯೋ ಇಲ್ಲೋ, ಶಿವಪುತ್ರ?"
ಥಂಡಿ ದಿನ, ಕಬ್ಬಿಣ ಹಿಡದ ಕೈ.
ತಿಕ್ಕಿ ತಿಕ್ಕಿ ಹಾಕಿದ ಮ್ಯಾಲ ತೊಂಬತ್ತೇಳು.
ಅವರು ಅದನ್ನ ನೋಡಿದ್ದು
ಮಂದಿ ತಾಟಿನಾಗಿನ ಹೋಳಗಿ ನೋಡಿದಂಗಲ್ಲ,
ಜಾಣ ಹುಡುಗನ ಮಾರ್ಕು ನೋಡಿದಂಗ.

ದಿನಕ್ಕ ಒಂದೆರಡು ಮಾತು, ಉಸಿರು ಸಿಕ್ಕಷ್ಟು.
ಅರ್ಧ ಮರಾಠಿ, ಅರ್ಧ ಕೈಸನ್ನಿ;
ನಾ ಮೆಟ್ಟಲ ಇಳಕೋತ ನನ್ನ ಭಾಷಾಕ ತಿರುವಿಕೋತೀನಿ.

ಗಾಳಿಗೂ ರಕ್ತಕ್ಕೂ ನಡು ಒಂದು ಗೋಡಿ.
ತಲಿಗೂದಲಾ ನೂರು ಸೀಳು ಮಾಡು,
ಒಂದು ಸೀಳಿನಷ್ಟು ದಪ್ಪ.
ದೂಡೂವರು ಯಾರೂ ಇಲ್ಲ.
ಹೆಚ್ಚಿದ್ದ ಕಡಿಂದ ಕಡಿಮಿದ್ದ ಕಡೆ ತಾನ ಹೋಗತೈತಿ.
ಜಗತ್ತಿನಾಗ ಇದೊಂದಕ್ಕ ನೋಡ್ರಿ ಆ ಬುದ್ಧಿ, ಅಂದೆ.
"ನನ್ನ ಗೋಡಿ ಈ ವಾಡೇದ ಗೋಡಿ ಆಗೇತಿ.
ಮಣ್ಣು, ಸುಣ್ಣ, ಮತ್ತ ಮಣ್ಣು."

ಗೋಡಿಯಾಚಿಗೆ ಕೆಂಪು ಕಣ. ಅದಕ್ಕ ನಾಕು ಕೈ.
ಒಂದು ಕೈ ಹಿಡೀತಂದ್ರ ಉಳದ ಮೂರೂ ಚಾಚತಾವ.
ತನಗಿಂತ ಇಕ್ಕಟ್ಟಿನ ಸಂದ್ಯಾಗ ಮೈ ಮಡಚಿ
ಒಂದರ ಹಿಂದ ಒಂದು,
ಮುಕ್ಕಾಲು ಸೆಕೆಂಡಿನಾಗ ತುಂಬಕೊಂಡು ಹೊಂಡತಾವ.
"ಹೊತ್ತದ್ದರಾಗ ಒಂದು ಗುಟುಕೂ ತಾವು ಕುಡಿಯೂದಿಲ್ಲ.
ಥೇಟ್ ನಿನ್ನಂಗ."

ನನಗ ಸೇರಲಿಲ್ಲ.
ನಾ ಕುಡೀತೀನ್ರಿ, ಅಂದೆ.
ಎರಡನೇ ಅಂತಸ್ತಿನಾಗ, ಜಾಧವರ ಚಪ್ಪಲ ಸ್ಟ್ಯಾಂಡಿನ ಬಾಜೂ ನಿಂತು
ಬಾಯಿ ತೆರದು, ನಾಯಿ ನೀರು ಕುಡದಂಗ ಕುಡೀತೀನಿ.
ಬಿಲ್ಲಿನಾಗ ಅದು ಬರೂದಿಲ್ಲ.

ಅವರು ಸುಮ್ಮನಾದ್ರು. ಮರುದಿನ ಅಂದ್ರು:
"ಅದು ಕೈ ಬಿಡೂದೆಲ್ಲಿ ಗೊತ್ತೇನು?
ಎಲ್ಲಿ ದುಡತ ಐತಿ ಅಲ್ಲಿ.
ಮಾಂಸ ಬಿಸಿ ಆಗಿ, ಹುಳಿ ಬಂದ ಜಾಗಾದಾಗ ಕೈ ಸಡ್ಲ.
ಮೆಟ್ಟಲ ಏರೂವಾಗ ನಿನ್ನ ತೊಡಿ
ಯಾರನ್ನೂ ಬೇಡಬೇಕಾಗಿಲ್ಲ."

ಐದನೇತ್ತಾದಾಗ ಆಮ್ಲಜನಕ ಅಂತ ಬಾಯಿಪಾಠ ಮಾಡಿದ್ದೆ.
ಆಮ್ಲ ಅಂದ್ರ ಹುಳಿ. ಹುಳಿಗೆ ಅಪ್ಪ.
ಅಪ್ಪ ಮಗನ ಹುಡಕೊಂಡು ಬಂದಂಗಾತಲ್ರಿ?
"ಹೆಸರಿಟ್ಟವರು ತಪ್ಪಿದ್ರು," ಅಂದ್ರು.
ನೀರಿನ ಬಾಟ್ಲಿ ಗುಳುಗುಳು ಅಂತಿತ್ತು.
"ತಪ್ಪು ಛಲೋ ಆತು."

ನಿನ್ನೆ ಫೋನ್ ಮಾಡಿದಾವ ಜಾಧವರ ಹುಡುಗ.
ಮೀಟರಿನ ಮುಳ್ಳು ಅರ್ಧಕ್ಕ ನಿಂತಿತ್ತು.
ಒಂದು ಕೇಜಿ.
ಪ್ಲ್ಯಾಂಟಿನಾಗ ಉಳದದ್ದನ್ನ ಸುಸ್ಸ್ ಅಂತ ಹೊರಗ ಬಿಟ್ಟು
ಮತ್ತ ತುಂಬತಾರ; ಅದಕ್ಕ ರೊಕ್ಕ ವಾಪಸ್ಸಿಲ್ಲ.
ಮೂಗಿನ ನಳಿಗಿ ಸುತ್ತಿ ಮೇಜಿನ ಮ್ಯಾಲ ಇಟ್ಟಿದ್ರು,
ಬೆರಳಿನ ಮಿಷಿನ್ನಿನ ಬಾಜೂ.
ಹಾಕೊಂಡು ನೋಡಬೇಕನ್ನಿಸ್ತು.
ಕೈ ತಣ್ಣಗಿದ್ವು. ಹಾಕೊಳ್ಳಲಿಲ್ಲ.

ಭಾರ ಮೊದಲಿನಂಗ, ಕಬ್ಬಿಣದ್ದು.
ಇಳಿಯೂ ಮೆಟ್ಟಲದಾಗ ತೇಕು ಬರಬಾರದು.
ಚಪ್ಪಲ ಸ್ಟ್ಯಾಂಡಿನ ಹತ್ತರ ನಿಂತೆ.