ಉದ್ರಿ ಪುಸ್ತಕ

ಮೂವತ್ತನಾಲ್ಕು ವರ್ಷ ವೆಸ್ದ್ರ ಹೊಳೆಯ ಕಣಿವೆಯಲ್ಲಿ
ಟಪಾಲು ಹಂಚಿದವನು ನಾನು.
ವಿಳಾಸ ಅರ್ಧ ಅಳಿಸಿದ್ದರೂ, ಊರ ಹೆಸರೇ ತಪ್ಪಿದ್ದರೂ
ಕಾಗದ ಮುಟ್ಟಿಸಿದ್ದೇನೆ.
ಈ ಕೋವಿಯದೊಂದು ಮಾತ್ರ
ಹನ್ನೊಂದು ವರ್ಷ ಕೈಗೆ ಸಿಗಲಿಲ್ಲ.

ಜೋಡಿನಳಿಗೆ, ಒಳಗೆ ಏಳು ಸುರುಳಿಗೆರೆ,
ಅಕ್ರೋಟು ಮರದ ಹಿಡಿ; ಕೆನ್ನೆ ಒರಗುವಲ್ಲಿ
ಯಾರದೋ ಬೆವರಿಗೆ ಕಪ್ಪಾಗಿದೆ.
ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಚಿನ್ನದಕ್ಷರದಲ್ಲಿ
ಬೈರಾ ಬಂದರಿನ ಒಬ್ಬ ಅಂಗಡಿಕಾರನ ಹೆಸರು.
ಅವನು ಮಾರಿದವನು, ಮಾಡಿದವನಲ್ಲ.
ಹೆತ್ತವರು ಯಾರೆಂದು ಕೇಳಿದರೆ
ಮದುವೆ ದಲ್ಲಾಳಿಯ ಚೀಟಿ ತೋರಿಸಿದ ಹಾಗೆ.

ನಳಿಗೆ ಕಳಚಿ, ಹೊಟ್ಟೆ ಮೇಲೆ ಮಾಡಿ, ಭೂತಗನ್ನಡಿ ಹಿಡಿದೆ.
ಲಿಯೇಜಿನ ಒರೆಮನೆಯ ಠಸ್ಸೆಗಳಿದ್ದವು:
ಮೊಟ್ಟೆಯೊಳಗೆ ಮೂರು ಅಕ್ಷರ,
ಕಿರೀಟ ಹೊತ್ತದ್ದು ತಪಾಸಣೆಗಾರ,
ಬೋಳುತಲೆಯ ಸಣ್ಣದು ವರ್ಷ.
ಇಪ್ಪತ್ತಾರೋ ಇಪ್ಪತ್ತೇಳೋ,
ತುಕ್ಕು ಆ ಅಕ್ಷರದ ಕಾಲು ತಿಂದಿತ್ತು.
ಇನ್ನೂ ಕೆಳಗೆ, ಬೆಸುಗೆಯ ಅಂಚಿನಲ್ಲಿ, ನಾಚಿದವರಂತೆ,
ಎಲ್.ಡಿ.

ನಮ್ಮಲ್ಲಿ ಒಂದು ಕೋವಿಯನ್ನು ಒಬ್ಬ ಮಾಡುತ್ತಿರಲಿಲ್ಲ.
ನಳಿಗೆ ಈ ಊರಲ್ಲಿ, ಕುದುರೆ ಆ ಊರಲ್ಲಿ, ಮರ ಗುಡ್ಡದಾಚೆ.
ಹೆಂಗಸರು ಬುಟ್ಟಿ ಬೆನ್ನಿಗೆ ಕಟ್ಟಿ
ಅರೆಬರೆ ಕೋವಿಗಳನ್ನು ಮನೆಯಿಂದ ಮನೆಗೆ ಹೊತ್ತರು,
ನನ್ನ ಕಸುಬಿನ ಅಜ್ಜಿಯರು ಅವರು.
ಯಜಮಾನರ ಲೆಕ್ಕವೆಲ್ಲ ಅರ್ಧ ಬೆಂಕಿಗೆ ಹೋಯಿತು,
ಅರ್ಧ ಮೊನ್ನಿನ ನೆರೆಗೆ.

ನೆರೆ ಇಳಿದ ಮೇಲೆ ಬೇಕರಿಯ ಗಿಲೇನ್
ಅಟ್ಟದಲ್ಲಿ ಬದುಕಿದ್ದನ್ನೂ ಬೀದಿಗೆ ಹಾಕುತ್ತಿದ್ದಳು.
"ಹಳೇ ಕಾಗದ ಅಂದರೆ ನಿನಗೆ ಪ್ರಾಣವಲ್ಲವಾ, ತಗೋ"
ಅಂತ ಕೊಟ್ಟದ್ದು ಅವಳಜ್ಜನ ಉದ್ರಿ ಪುಸ್ತಕ.
ಹಿಟ್ಟಿನ ವಾಸನೆ ಇನ್ನೂ ಇತ್ತು. ಇಲಿಯ ಹಲ್ಲೂ ಬಿದ್ದಿತ್ತು.

ಲಾಂಬೆರ್ ದಿಸ್ತೆಶ್, ನಳಿಗೆಯವನು:
ರೊಟ್ಟಿ ಎಂಟು. ರೊಟ್ಟಿ ಆರು. ಯೀಸ್ಟ್.
"ಜೋಡಿನಳಿಗೆ ಒರೆಯಲ್ಲಿ ಬಿರಿಯಿತು, ಮುಂದಿನ ತಿಂಗಳು ಕೊಡುತ್ತಾನಂತೆ."
ರೊಟ್ಟಿ ನಾಲ್ಕು. ರೊಟ್ಟಿ ನಾಲ್ಕು. ರೊಟ್ಟಿ ಎರಡು.
ರೊಟ್ಟಿ ಎರಡು.
ಆಮೇಲೆ ಇಪ್ಪತ್ತೇಳರ ಮಾರ್ಚ್ ಹತ್ತೊಂಬತ್ತು, ಶನಿವಾರ,
ಪುಟ ಹರಿಯುವಷ್ಟು ಒತ್ತಿ ಎಳೆದ ಅಡ್ಡಗೆರೆ:
"ಬೈರಾದ ಜೋಡಿ ಪಾಸು. ಬಾಕಿ ಚುಕ್ತಾ.
ಒಂದು ಸಿಹಿರೊಟ್ಟಿ, ನಗದು."

ಆ ಸಿಹಿರೊಟ್ಟಿಯ ಪಕ್ಕ ತುಸು ಹೊತ್ತು ಕೂತೆ.

ಈ ಕೋವಿ ಅಲ್ಲಿ ಯಾವ ಆನೆಯ ಹಣೆ ಹುಡುಕಿತು,
ಯಾರ ಹೆಗಲೇರಿ ಕಾಡು ದಾಟಿತು,
ಅದಕ್ಕೆ ಯಾವ ಠಸ್ಸೆಯೂ ಇಲ್ಲ.
ಬೈರಾಕ್ಕೆ ಬರೆದ ನಾಲ್ಕು ಕಾಗದಕ್ಕೂ ಉತ್ತರವಿಲ್ಲ;
ಉತ್ತರ ಕೊಡಬೇಕಾದವರೂ ಅವರಲ್ಲ.

ದಿಸ್ತೆಶ್ ಮನೆಯಲ್ಲೀಗ ನರ್ಸ್ ನಜಾತ್ ಇದ್ದಾಳೆ.
ಸ್ನಾನದ ಟವೆಲಿನಲ್ಲಿ ನಳಿಗೆ ಮಾತ್ರ ಸುತ್ತಿಕೊಂಡು ಹೋದೆ,
ಜೇಬಿನಲ್ಲಿ ಪರವಾನಗಿ, ಮುಖದಲ್ಲಿ ಕಳ್ಳತನ.
ಉದ್ರಿಯ ಕಥೆ ಹೇಳಿದೆ. ಇದನ್ನೂ ಹೇಳಿದೆ:
ಹಳಬರು ಕಿಟಕಿಯ ಅಡ್ಡಪಟ್ಟಿಯ ನೆರಳನ್ನು
ನಳಿಗೆಯೊಳಗೆ ಹಾಯಿಸಿ ನೋಡುತ್ತಿದ್ದರು.
ನೆರಳು ಮುರಿದಲ್ಲಿ ಕಬ್ಬಿಣ ಸೊಟ್ಟ,
ಅಲ್ಲಿಗೆ ಸುತ್ತಿಗೆಯ ಒಂದು ಮೆಲ್ಲನೆ ಏಟು.
ಅವಳ ಕಿಟಕಿ ಈಗ ಒಂದೇ ಗಾಜು, ಪಟ್ಟಿ ಇಲ್ಲ.
ರಾತ್ರಿಪಾಳಿ ಮುಗಿಸಿ ಬಂದವಳು ಆಕಳಿಸುತ್ತಲೇ
ಬಟ್ಟೆ ಒಣಹಾಕುವ ಹಗ್ಗವನ್ನು ಗಾಜಿಗಡ್ಡ ಎಳೆದು ಕಟ್ಟಿದಳು.
"ಈಗ?"

ಕಣ್ಣಿಟ್ಟೆ. ಬಲನಳಿಗೆಯಲ್ಲಿ ಹಗ್ಗದ ನೆರಳು
ತುದಿಯವರೆಗೂ ಒಂದೇ ಗೆರೆ.
ಎಡದ್ದರಲ್ಲಿ, ಕೊನೆಗೆ ಗೇಣಿರುವಾಗ,
ತುಸುವೇ ತುಸು ವಾಲುತ್ತದೆ.

ಅವಳೂ ಇಣುಕಿದಳು.
"ಎರಡೇ ರೊಟ್ಟಿಯ ವಾರದ್ದಿರಬೇಕು," ಅಂದಳು.